ಡಿಸ್ಕ್ ತುಂಬಿದ ಬೆಳಗ್ಗೆ: ಹಾಲಿನ ಲೆಕ್ಕದ ಸರ್ವರ್‌ಗೆ ಅಲಾರಂ ಕಟ್ಟಿದ ಐದು ವಾರ

ಹಾಸನದ ಕಡೆ 17 ಹಾಲಿನ ಡೇರಿಗಳ ಲೆಕ್ಕ ನಾನು ಬರೆದ ಸಾಫ್ಟ್‌ವೇರ್‌ನಲ್ಲಿ ನಡೆಯುತ್ತೆ. ಬೆಳಗ್ಗೆ ಆರರಿಂದ ಎಂಟು, ಸಂಜೆ ಐದೂವರೆಯಿಂದ ಏಳೂವರೆ. ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರೋ ಘನಾಂಶ) ಹಾಕಿ ಸೇವ್ ಒತ್ತಿದರೆ ಚೀಟಿ ಬರುತ್ತೆ. ಹತ್ತು ದಿನಕ್ಕೊಮ್ಮೆ ಬಟವಾಡೆ. ಹಾಲು ಹಾಕೋರು ಎಲ್ಲಾ ಸೇರಿ ಸುಮಾರು 1,900 ಜನ.

ಸರ್ವರ್ ಒಂದೇ. ಎಡಬ್ಲ್ಯೂಎಸ್ (ಅಮೆಜಾನ್‌ನ ಬಾಡಿಗೆ ಸರ್ವರ್ ಸೇವೆ) ಮುಂಬೈ ರೀಜನ್‌ನಲ್ಲಿ ಟಿ3.ಸ್ಮಾಲ್ ಅನ್ನೋ ಮಾದರಿ: 2 ವಿಸಿಪಿಯು (ವರ್ಚುವಲ್ ಸಿಪಿಯು), 2 ಜಿಬಿ ಮೆಮೊರಿ, 30 ಜಿಬಿಯ ಜಿಪಿ3 ಡಿಸ್ಕ್. ಉಬುಂಟು 22.04, ಡೇಟಾಬೇಸ್‌ಗೆ ಮೈಎಸ್‌ಕ್ಯೂಎಲ್ 8.0, ವೆಬ್ ಪುಟ ಕೊಡೋಕೆ ಎನ್‌ಜಿನ್‌ಎಕ್ಸ್, ನನ್ನ ಕೋಡ್‌ಗೆ ಪಿಎಚ್‌ಪಿ, ಮೇಲೆ ಲಾರಾವೆಲ್. ಮೂರು ವರ್ಷದಿಂದ ಇದೇ. ಕಾವಲಿಗೆ ಅಂತ ಇದ್ದದ್ದು ಐದು ನಿಮಿಷಕ್ಕೊಮ್ಮೆ ಸೈಟ್ ಇದೆಯಾ ಅಂತ ನೋಡುವ ಒಂದು ಬಿಟ್ಟಿ ಸೇವೆ ಮಾತ್ರ.

ಜೂನ್ 11, ಬುಧವಾರ, ಬೆಳಗ್ಗೆ 6.10

ಫೋನ್ ಬಂತು. ಡೇರಿ ಸೆಕ್ರೆಟರಿ. "ಸಾರ್, ಮಿಷನ್ನು ತಗೊಳ್ತಾನೇ ಇಲ್ಲ. ಸೇವ್ ಒತ್ತಿದ್ರೆ ಚಕ್ರ ತಿರುಗ್ತಾನೇ ಇದೆ. ಇಲ್ಲಿ ಮೂವತ್ತು ಜನ ನಿಂತವ್ರೆ."

"ಅಣ್ಣ, ಹತ್ತು ನಿಮಿಷ ಕೊಡಿ" ಅಂದೆ. ಹಿಡಿದದ್ದು ಮೂವತ್ತೊಂದು ನಿಮಿಷ.

ಕಾವಲಿನ ಸೇವೆ ನೋಡಿದರೆ ಎಲ್ಲಾ ಹಸಿರು. ಅದು ನೋಡುತ್ತಿದ್ದದ್ದು ಮುಖಪುಟವನ್ನು. ಮುಖಪುಟ ಬರೀ ಎಚ್‌ಟಿಎಂಎಲ್ ಫೈಲು, ಡೇಟಾಬೇಸ್ ಸತ್ತಿದ್ದರೂ ಅದು ತೆರೆಯುತ್ತೆ. ಮೂರು ವರ್ಷ ನಾನು ನೋಡಿ ಖುಷಿಪಟ್ಟ ಹಸಿರು ಅದು.

ಸರ್ವರ್‌ಗೆ ಲಾಗಿನ್ ಆದೆ. ಫೈಲಿನ ಹೆಸರು ಪೂರ್ತಿ ಮಾಡೋಕೆ ಟ್ಯಾಬ್ ಒತ್ತಿದರೆ, ಡಿವೈಸ್‌ನಲ್ಲಿ ಜಾಗ ಇಲ್ಲ ಅಂತ ಬೈಗುಳ. ಅಲ್ಲಿಗೇ ಅರ್ಥವಾಯಿತು. ಡಿಸ್ಕ್ ಎಷ್ಟು ತುಂಬಿದೆ ಅಂತ ತೋರಿಸೋ ಡಿಎಫ್ ಆಜ್ಞೆ ಕೊಟ್ಟು ನೋಡಿದೆ: 100%.

ಸೇವ್ ಒತ್ತಿದರೆ ಎರರ್ ಬರದೆ ಚಕ್ರ ತಿರುಗಿದ್ದು ಯಾಕೆ ಅಂತ ಆಮೇಲೆ ಗೊತ್ತಾಯಿತು. ಡಿಸ್ಕ್ ತುಂಬಿದರೆ ಮೈಎಸ್‌ಕ್ಯೂಎಲ್ ಸಾಯೋದಿಲ್ಲ, ಕಾಯುತ್ತೆ. ನಿಮಿಷಕ್ಕೊಮ್ಮೆ ಜಾಗ ಬಂತಾ ಅಂತ ನೋಡುತ್ತೆ, ಬಂದರೆ ಏನೂ ಆಗಿಲ್ಲವೇನೋ ಅನ್ನೋ ಹಾಗೆ ಮುಂದುವರಿಯುತ್ತೆ. ಹಾಗಾಗಿ ಡೇಟಾ ಕೆಡಲಿಲ್ಲ. ಎರರ್ ಇಲ್ಲದ್ದರಿಂದ ನನಗೆ ಗೊತ್ತೂ ಆಗಲಿಲ್ಲ.

ಗಾಬರಿಯಲ್ಲಿ ಮಾಡಿದ ಕೆಲಸಗಳನ್ನು ಹಾಗೇ ಬರೆಯುತ್ತೇನೆ.

ಒಂದನೇ ಪ್ರಯತ್ನ, 6.18: ಎಡಬ್ಲ್ಯೂಎಸ್‌ನ ಕನ್ಸೋಲ್‌ಗೆ (ಸರ್ವರ್ ನಿಭಾಯಿಸೋ ವೆಬ್ ಪುಟ) ಹೋಗಿ ಡಿಸ್ಕನ್ನು 30ರಿಂದ 50 ಜಿಬಿಗೆ ಏರಿಸಿದೆ. ಸರ್ವರ್ ನಿಲ್ಲಿಸದೇ ಏರಿಸಬಹುದು. ಆದರೆ ಡಿಸ್ಕ್ ದೊಡ್ಡದಾದರೆ ಸಾಲದು, ಒಳಗಿನ ಪಾರ್ಟಿಷನ್ (ಡಿಸ್ಕ್‌ನ ಭಾಗ) ದೊಡ್ಡದಾಗಬೇಕು, ಆಮೇಲೆ ಅದರೊಳಗೆ ಫೈಲುಗಳನ್ನು ಜೋಡಿಸಿಡೋ ಫೈಲ್ ಸಿಸ್ಟಮ್. ಪಾರ್ಟಿಷನ್ ಹಿಗ್ಗಿಸೋ ಗ್ರೋಪಾರ್ಟ್ ಆಜ್ಞೆ ಓಡಿಸಿದೆ. ಆಗಲಿಲ್ಲ. ಅದು ಟೆಂಪ್ ಫೋಲ್ಡರ್‌ನಲ್ಲಿ ಒಂದು ಪುಟ್ಟ ಡೈರೆಕ್ಟರಿ ಮಾಡಿಕೊಳ್ಳಬೇಕಂತೆ, ಅದಕ್ಕೂ ಜಾಗ ಇಲ್ಲ. ಜಾಗ ಹೆಚ್ಚಿಸೋಕೂ ಜಾಗ ಬೇಕು! ಟೆಂಪ್ ಮೇಲೆ ಟೆಂಪ್‌ಎಫ್‌ಎಸ್ ಮೌಂಟ್ ಮಾಡಿದರೆ ಆ ಕೆಲಸ ಮೆಮೊರಿಯಲ್ಲೇ ಆಗಿ ಗ್ರೋಪಾರ್ಟ್ ಓಡುತ್ತೆ ಅನ್ನೋದು ಮಧ್ಯಾಹ್ನ ಓದಿ ತಿಳಿದದ್ದು.

ಎರಡನೇ ಪ್ರಯತ್ನ, 6.26: ದೊಡ್ಡ ಫೈಲ್ ಹುಡುಕಿದೆ. ಲಾರಾವೆಲ್‌ನ ಲಾಗ್ ಫೈಲು (ನಡೆದದ್ದನ್ನೆಲ್ಲ ಬರೆದಿಡೋ ಫೈಲು) 2.3 ಜಿಬಿ. ಅಳಿಸಿದೆ. ಮತ್ತೆ ಡಿಎಫ್. ಇನ್ನೂ 100%. ಎರಡು ನಿಮಿಷ ಸುಮ್ನೆ ಸ್ಕ್ರೀನ್ ನೋಡುತ್ತಾ ಕೂತೆ.

ಮೂರನೇ ಪ್ರಯತ್ನ, 6.33: ಅಳಿಸಿದರೂ ಯಾರೋ ತೆರೆದು ಹಿಡಿದುಕೊಂಡಿರುವ ಫೈಲುಗಳನ್ನು ಎಲ್‌ಎಸ್‌ಒಎಫ್ ಅನ್ನೋ ಆಜ್ಞೆಯಿಂದ ನೋಡಿದೆ. ಹಿನ್ನೆಲೆಯಲ್ಲಿ ಓಡುವ ಕ್ಯೂ ವರ್ಕರ್ ಆ ಲಾಗ್ ಫೈಲನ್ನು ಬಿಟ್ಟಿರಲಿಲ್ಲ. ಫೋಲ್ಡರ್‌ನಲ್ಲಿ ಹೆಸರು ಹೋಗಿತ್ತು, ಜಾಗ ಹೋಗಿರಲಿಲ್ಲ. ವರ್ಕರ್ ರೀಸ್ಟಾರ್ಟ್ ಮಾಡಿದ ತಕ್ಷಣ 2.3 ಜಿಬಿ ವಾಪಸ್ ಬಂತು. ಅಳಿಸುವ ಬದಲು ಟ್ರಂಕೇಟ್ ಕೊಟ್ಟು ಫೈಲನ್ನು ಸೊನ್ನೆ ಮಾಡಿದ್ದರೆ ಆ ಏಳು ನಿಮಿಷ ಉಳಿಯುತ್ತಿತ್ತು.

6.41ಕ್ಕೆ ಸೆಕ್ರೆಟರಿ ಫೋನು: "ಬಂತು ಸಾರ್." ಅಷ್ಟರಲ್ಲಿ ಅವರು ಹಳೇ ಕ್ಯಾಲೆಂಡರ್ ಹಾಳೆಯ ಹಿಂದುಗಡೆ 60 ಜನದ್ದು ಬರೆದುಕೊಂಡಿದ್ದರು. ಸದಸ್ಯರ ನಂಬರ್, ಲೀಟರ್, ಫ್ಯಾಟ್. ಹಾಲು ಕಾಯೋದಿಲ್ಲ ಅಲ್ವಾ. ಲಾರಿ ಏಳೂವರೆಗೆ ಬಂದೇ ಬರುತ್ತೆ. ಆ ಹಾಳೆಯ ಫೋಟೊ ವಾಟ್ಸಾಪ್‌ನಲ್ಲಿ ತರಿಸಿಕೊಂಡು ನಾನೇ ಟೈಪ್ ಮಾಡಿದೆ. 7 ನಂಬರ್ 1ರ ಹಾಗೆ ಕಾಣುತ್ತಿದ್ದ ಎರಡು ಕಡೆ ಫೋನ್ ಮಾಡಿ ಕೇಳಬೇಕಾಯಿತು.

ಜೂನ್ 11, ಮಧ್ಯಾಹ್ನ: ಜಾಗ ಎಲ್ಲಿ ಹೋಗಿತ್ತು

ಡಿಯು ಆಜ್ಞೆ ಕೊಟ್ಟು ಒಂದೊಂದೇ ಫೋಲ್ಡರ್ ಅಳೆದೆ. ಸಿಸ್ಟಮ್ 4.5 ಜಿಬಿ. ನಿಜವಾದ ಡೇಟಾ 1.9. ಬ್ಯಾಕಪ್‌ಗಳು 5.2 (ಬ್ಯಾಕಪ್ ಅದೇ ಡಿಸ್ಕ್‌ನಲ್ಲಿ! ಅದನ್ನು ಬ್ಯಾಕಪ್ ಅಂತ ಹೇಗೆ ಕರೆದೆನೋ). ಉಳಿದದ್ದರಲ್ಲಿ ದೊಡ್ಡ ತುತ್ತು ಮೈಎಸ್‌ಕ್ಯೂಎಲ್‌ನ ಬಿನ್‌ಲಾಗ್, 14 ಜಿಬಿ. ತಲಾ 100 ಎಂಬಿಯ ಫೈಲುಗಳು ಸಾಲಾಗಿ ಕೂತಿದ್ದವು.

ಡೇಟಾಬೇಸ್‌ನಲ್ಲಿ ಆಗುವ ಪ್ರತಿ ಬದಲಾವಣೆಯೂ ಬಿನ್‌ಲಾಗ್‌ಗೆ ಹೋಗುತ್ತೆ. 8.0ರಲ್ಲಿ ಅದು ಮೊದಲಿಂದಲೇ ಆನ್ ಇರುತ್ತೆ, 30 ದಿನ ಇಟ್ಟುಕೊಳ್ಳುತ್ತೆ. ಅದರಿಂದ ಮೂರು ವರ್ಷ ತೊಂದರೆ ಆಗಿರಲಿಲ್ಲ. ಮೇ 12ಕ್ಕೆ ನಾನೇ ಒಂದು ಹೊಸ ಕೆಲಸ ಸೇರಿಸಿದ್ದೆ: 15 ನಿಮಿಷಕ್ಕೊಮ್ಮೆ ಸಾರಾಂಶದ ಟೇಬಲ್ ಪೂರ್ತಿ ಅಳಿಸಿ ಮತ್ತೆ ತುಂಬೋದು. ಸೋಮಾರಿತನ. ಬದಲಾದ ಸಾಲು ಮಾತ್ರ ತಿದ್ದಬಹುದಿತ್ತು. ದಿನಕ್ಕೆ ಸುಮಾರು 470 ಎಂಬಿ ಬಿನ್‌ಲಾಗ್ ಆಗ್ತಿತ್ತು. ಮೇ 12ರಿಂದ ಜೂನ್ 11ಕ್ಕೆ ಸರಿಯಾಗಿ 30 ದಿನ. ಹಳೆಯದು ತಾನಾಗೇ ಅಳಿಯೋಕೆ ಶುರುವಾಗೋ ದಿನವೇ ಡಿಸ್ಕ್ ತುಂಬಿತ್ತು.

ಮಾಡಿದ್ದು ಇಷ್ಟು:

1. ಬಿನ್‌ಲಾಗ್ ಫೈಲುಗಳನ್ನು ಕೈಯಿಂದ ಅಳಿಸಲಿಲ್ಲ. ಅಳಿಸಿದರೆ ಮೈಎಸ್‌ಕ್ಯೂಎಲ್ ಇಟ್ಟುಕೊಂಡ ಪಟ್ಟಿಗೂ ಫೋಲ್ಡರ್‌ಗೂ ತಾಳೆ ತಪ್ಪುತ್ತೆ. ಒಳಗಿನಿಂದಲೇ ಪರ್ಜ್ ಬೈನರಿ ಲಾಗ್ಸ್ ಕೊಟ್ಟೆ. ಅವಧಿಯನ್ನು 2592000 ಸೆಕೆಂಡ್‌ನಿಂದ 259200ಕ್ಕೆ ಇಳಿಸಿದೆ, ಅಂದರೆ 3 ದಿನ.
2. ಬ್ಯಾಕಪ್ ಎಸ್3ಗೆ (ಎಡಬ್ಲ್ಯೂಎಸ್‌ನ ಫೈಲ್ ಉಗ್ರಾಣ) ಹೋಗೋ ಹಾಗೆ ಮಾಡಿದೆ. ಸರ್ವರ್‌ನಲ್ಲಿ ಕೊನೆಯ ಎರಡು ಮಾತ್ರ.
3. ಲಾಗ್ ದಿನಕ್ಕೊಂದು ಫೈಲು, 14 ದಿನ ಆದ ಮೇಲೆ ಅಳಿಯುತ್ತೆ.
4. ಬೆಳಗ್ಗೆಯೇ 50 ಜಿಬಿಗೆ ಏರಿಸಿದ್ದ ಡಿಸ್ಕನ್ನು ಬಳಕೆಗೆ ತಂದೆ. ಗ್ರೋಪಾರ್ಟ್ ಮರೆತು ಸೀದಾ ಫೈಲ್ ಸಿಸ್ಟಮ್ ಹಿಗ್ಗಿಸೋ ರೀಸೈಜ್ ಓಡಿಸಿ, ಮಾಡೋಕೆ ಏನೂ ಇಲ್ಲ ಅಂತ ಅದು ಹೇಳಿದಾಗ ಮತ್ತೊಂದು ಸಲ ಗಾಬರಿ. ಮೊದಲು ಪಾರ್ಟಿಷನ್, ಆಮೇಲೆ ಫೈಲ್ ಸಿಸ್ಟಮ್. ಹೆಚ್ಚಿನ 20 ಜಿಬಿಗೆ ತಿಂಗಳಿಗೆ 1.82 ಡಾಲರ್. ಏರಿಸಿದ ಇಬಿಎಸ್ ಡಿಸ್ಕನ್ನು (ಎಡಬ್ಲ್ಯೂಎಸ್‌ನ ಬಾಡಿಗೆ ಡಿಸ್ಕ್) ಇಳಿಸೋಕೆ ಬರೋದಿಲ್ಲ, ಹಾಗಾಗಿ ಇದು ಕಾಯಂ ಖರ್ಚು.
5. ಸುಮ್ನೆ ಜಾಗ ಹಿಡಿಯೋಕೆ 1 ಜಿಬಿಯ ಒಂದು ಫೈಲ್ ಮಾಡಿ ಇಟ್ಟೆ. ಮುಂದೆ ಯಾವಾಗಲಾದರೂ ತುಂಬಿದರೆ ಮೊದಲು ಅದನ್ನು ಅಳಿಸೋದು, ಉಸಿರಾಡೋದು, ಆಮೇಲೆ ಯೋಚನೆ. ಹೆಸರು "ಆಪತ್ಕಾಲ".

ಸಾರಾಂಶದ ಕೆಲಸವನ್ನೂ ತಿದ್ದಿದೆ. ಎಲ್ಲಾ ಆದ ಮೇಲೆ ಡಿಸ್ಕ್ 22%.

ಜೂನ್ 14–15: ಕ್ಲೌಡ್‌ವಾಚ್

ಕನ್ಸೋಲ್‌ನಲ್ಲಿ ಸಿಪಿಯು ಗ್ರಾಫ್ ಯಾವಾಗಲೂ ಕಾಣುತ್ತಿತ್ತು. ಡಿಸ್ಕ್‌ದೂ ಇರುತ್ತೆ ಅಂದುಕೊಂಡಿದ್ದೆ. ಇಲ್ಲ. ಡಿಸ್ಕ್ ಎಷ್ಟು ತುಂಬಿದೆ, ಮೆಮೊರಿ ಎಷ್ಟು ಖರ್ಚಾಗಿದೆ ಅನ್ನೋದು ಸರ್ವರ್‌ನ ಒಳಗಿನ ವಿಷಯ, ಹೊರಗಿನಿಂದ ಕಾಣೋದಿಲ್ಲ. ಅದಕ್ಕೆ ಎಡಬ್ಲ್ಯೂಎಸ್‌ನ ಕಾವಲು ಸೇವೆ ಕ್ಲೌಡ್‌ವಾಚ್‌ನ ಏಜೆಂಟ್ (ಒಳಗಿನಿಂದ ಅಳತೆ ಕಳಿಸೋ ಪ್ರೋಗ್ರಾಂ) ಹಾಕಬೇಕು.

ಹಾಕಿದೆ. ಏಜೆಂಟ್ ಓಡ್ತಾ ಇದೆ ಅಂತ ತೋರಿಸ್ತು. ಕನ್ಸೋಲ್‌ನಲ್ಲಿ ಏನೂ ಇಲ್ಲ. ಒಂದು ಗಂಟೆ ಕಳೆದೆ. ಸರ್ವರ್‌ಗೆ ಐಎಎಂ ರೋಲ್ (ಎಡಬ್ಲ್ಯೂಎಸ್‌ನ ಅನುಮತಿ) ಕೊಟ್ಟಿರಲಿಲ್ಲ. ಕಳಿಸೋಕೆ ಅನುಮತಿಯೇ ಇಲ್ಲದೆ ಪಾಪ ಅದು ಸುಮ್ನೆ ಓಡುತ್ತಿತ್ತು. ಏಜೆಂಟ್‌ನ ಲಾಗ್‌ನಲ್ಲಿ ಅದನ್ನು ಸ್ಪಷ್ಟವಾಗಿ ಬರೆದಿತ್ತು, ನಾನು ಅಲ್ಲಿ ನೋಡಿದ್ದು ಕೊನೆಗೆ.

ರೋಲ್ ಕೊಟ್ಟ ಮೇಲೆ ಉಲ್ಟಾ ಆಯಿತು. ಒಂದೆರಡು ಡಿಸ್ಕ್ ಬದಲು ಹತ್ತಾರು ಬಂದವು. ಉಬುಂಟುವಿನ ಸ್ನ್ಯಾಪ್ ಪ್ಯಾಕೇಜುಗಳು ಒಂದೊಂದೂ ಒಂದು ಡಿಸ್ಕ್‌ನ ಹಾಗೆ ಕಾಣುತ್ತವೆ, ಅವು ಹುಟ್ಟಿನಿಂದಲೇ 100% ತುಂಬಿರುತ್ತವೆ. ಬಿಟ್ಟಿಯಾಗಿ ಸಿಗೋದು 10 ಮೆಟ್ರಿಕ್ (ಅಳತೆ), ಆಮೇಲೆ ಒಂದಕ್ಕೆ ತಿಂಗಳಿಗೆ 0.30 ಡಾಲರ್. ಕಾನ್ಫಿಗ್ ಫೈಲ್‌ನಲ್ಲಿ ರೂಟ್ ಡಿಸ್ಕ್ ಮಾತ್ರ ಉಳಿಸಿದೆ. ಈಗ ನಾಲ್ಕೇ: ಡಿಸ್ಕ್, ಐನೋಡ್ (ಫೈಲಿಗೊಂದರಂತೆ ಬೇಕಾದ ನಮೂದು), ಮೆಮೊರಿ, ಸ್ವಾಪ್ (ಮೆಮೊರಿ ಸಾಲದಾಗ ಬಳಸೋ ಡಿಸ್ಕ್ ಜಾಗ). ಐನೋಡ್ ಯಾಕೆ ಅಂದರೆ, ಪುಟ್ಟ ಪುಟ್ಟ ಫೈಲುಗಳು ಲಕ್ಷಗಟ್ಟಲೆ ಆದರೆ ಜಾಗ ಇದ್ದೂ ಇಲ್ಲ ಅನ್ನುತ್ತೆ.

ಅಲಾರಂ: ಡಿಸ್ಕ್ 80% ದಾಟಿದರೆ ಎಸ್‌ಎನ್‌ಎಸ್ (ಎಡಬ್ಲ್ಯೂಎಸ್‌ನ ಸಂದೇಶ ಕಳಿಸೋ ಸೇವೆ) ಮೂಲಕ ಮೇಲ್. ಇದಾಗೋಷ್ಟರಲ್ಲಿ ಶನಿವಾರ ರಾತ್ರಿ 11. ಮುಗೀತು ಅಂತ ಮಲಗಬಹುದಿತ್ತು. ಏನೋ ಅನುಮಾನ ಬಂದು ಭಾನುವಾರ ಬೆಳಗ್ಗೆ 10ಕ್ಕೆ ಬೇಕಂತಲೇ 32 ಜಿಬಿಯ ಸುಳ್ಳು ಫೈಲ್ ಮಾಡಿ ಡಿಸ್ಕ್ ತುಂಬಿಸಿದೆ.

ಹದಿನೈದು ನಿಮಿಷ ಬಿಟ್ಟು ಕನ್ಸೋಲ್‌ನಲ್ಲಿ ಅಲಾರಂ ಕೆಂಪಾಯಿತು. ಮೇಲ್ ಬರಲಿಲ್ಲ.

ಎಸ್‌ಎನ್‌ಎಸ್‌ಗೆ ಮೇಲ್ ವಿಳಾಸ ಕೊಟ್ಟರೆ ಅದು ಮೊದಲು ಒಂದು ಒಪ್ಪಿಗೆಯ ಲಿಂಕ್ ಕಳಿಸುತ್ತೆ. ಅದನ್ನು ಒತ್ತೋವರೆಗೂ ಮುಂದಿನದ್ದು ಯಾವುದೂ ಬರೋದಿಲ್ಲ. ನಾನು ಕೊಟ್ಟಿದ್ದು ಗ್ರಾಹಕರ ದೂರಿಗೆ ಅಂತ ಇಟ್ಟ ವಿಳಾಸ, ಅದನ್ನು ವಾರಕ್ಕೊಮ್ಮೆ ತೆರೆಯುತ್ತೇನೆ. ಲಿಂಕ್ ಅಲ್ಲೇ ಬಿದ್ದಿತ್ತು. ಭಾನುವಾರ ಸುಳ್ಳು ಫೈಲ್ ಮಾಡದೆ ಹೋಗಿದ್ದರೆ ಈ ಅಲಾರಂ ನನ್ನ ಕನ್ಸೋಲ್‌ನಲ್ಲಿ ಒಬ್ಬಂಟಿಯಾಗಿ ಕೆಂಪಾಗಿ ಕೂತಿರುತ್ತಿತ್ತು.

ಇನ್ನೊಂದು ಪರೀಕ್ಷೆ: ಏಜೆಂಟನ್ನೇ ನಿಲ್ಲಿಸಿದೆ. ಏನೂ ಸದ್ದಿಲ್ಲ. ಡೇಟಾ ಬರದಿದ್ದರೆ ಅಲಾರಂ "ಮಾಹಿತಿ ಸಾಲದು" ಅನ್ನೋ ಸ್ಥಿತಿಗೆ ಹೋಗಿ ಬೂದು ಬಣ್ಣಕ್ಕೆ ತಿರುಗುತ್ತೆ, ಅಷ್ಟೇ. ಕಾವಲುಗಾರ ಸತ್ತರೆ ಮನೆ ಸುರಕ್ಷಿತ ಅಂದ ಹಾಗೆ. ಡೇಟಾ ಬರದಿದ್ದರೂ ಕೆಟ್ಟದ್ದು ಅಂತಲೇ ತಿಳಿದುಕೋ ಅನ್ನೋ ಆಯ್ಕೆ ಹಾಕಿದೆ.

ಮೇಲ್ ಬಂದರೂ ಬೆಳಗಿನ ಐದಕ್ಕೆ ನಾನು ನೋಡೋದಿಲ್ಲ. ಎಸ್‌ಎಂಎಸ್ ಮಾಡೋಣ ಅಂದರೆ ನಮ್ಮಲ್ಲಿ ಡಿಎಲ್‌ಟಿ (ಎಸ್‌ಎಂಎಸ್ ಕಳಿಸೋರ ಪಟ್ಟಿ) ನೋಂದಣಿ, ಟೆಂಪ್ಲೇಟ್ ಒಪ್ಪಿಗೆ ಅಂತ ಉದ್ದದ ದಾರಿ. ಟೆಲಿಗ್ರಾಂ ಬಾಟ್ ಮಾಡಿದೆ. ಎಸ್‌ಎನ್‌ಎಸ್‌ನಿಂದ ಲ್ಯಾಂಬ್ಡಾ (ಪುಟ್ಟ ಕೋಡ್ ಓಡಿಸೋ ಎಡಬ್ಲ್ಯೂಎಸ್ ಸೇವೆ), ಅಲ್ಲಿಂದ ಟೆಲಿಗ್ರಾಂ. ಇಪ್ಪತ್ತು ಸಾಲಿನ ಪೈಥಾನ್. ಬಾಟನ್ನು ಇದ್ದ ಒಂದು ಗುಂಪಿಗೆ ಸೇರಿಸಿದೆ. ಮೆಸೇಜ್ ಬಂತು, ಫೋನ್ ಸದ್ದು ಮಾಡಲಿಲ್ಲ: ಆ ಗುಂಪನ್ನು ನಾನು ಎಂದೋ ಮ್ಯೂಟ್ ಮಾಡಿದ್ದೆ. ಹೊಸ ಗುಂಪು ಮಾಡಿ, ರಾತ್ರಿ ಫೋನ್ ಸೈಲೆಂಟ್ ಇದ್ದರೂ ಇದೊಂದು ಮಾತ್ರ ಕೂಗೋ ಹಾಗೆ ಹಾಕಿದೆ. ಬಸ್ ಹಾರ್ನ್‌ನ ಸದ್ದು. ಮನೆಯವರಿಗೆ ಇಷ್ಟವಾಗಿಲ್ಲ.

ಕಾವಲಿನ ಸೇವೆಗೂ ಹೊಸ ವಿಳಾಸ ಕೊಟ್ಟೆ. ಆ ಪುಟ ತೆರೆದರೆ ಡೇಟಾಬೇಸ್‌ಗೆ ಒಂದು ಸಾಲು ಬರೆದು, ಓದಿ, ಅಳಿಸುತ್ತೆ. 5 ಸೆಕೆಂಡ್ ದಾಟಿದರೆ ಎರರ್.

ಜೂನ್ 21, ಶನಿವಾರ, ಸಂಜೆ 6.40: ಇನ್ನೊಂದು ಮಿತಿ

ಬಟವಾಡೆಯ ದಿನ. ಡಿಸ್ಕ್ ಚೆನ್ನಾಗಿದೆ, ಮೆಮೊರಿ ಚೆನ್ನಾಗಿದೆ. ಆದರೆ ಒಂದು ಎಂಟ್ರಿ ಸೇವ್ ಆಗೋಕೆ 12 ಸೆಕೆಂಡ್. ಹಾರ್ನ್ ಹೊಡೆದದ್ದು ಆ ಹೊಸ ಪುಟದಿಂದ.

ಸಿಪಿಯು ನೋಡಿದರೆ 20%. ಕೆಲಸವೇ ಇಲ್ಲ ಅನ್ನೋ ಹಾಗೆ. ಆದರೆ ಆ ಗೆರೆ ವಿಚಿತ್ರವಾಗಿತ್ತು. ಸ್ಕೇಲ್ ಇಟ್ಟು ಎಳೆದ ಹಾಗೆ, ಏರಿಳಿತವೇ ಇಲ್ಲ. ಸಾಮಾನ್ಯವಾಗಿ ಸಿಪಿಯು ಗೆರೆ ಗರಗಸದ ಹಲ್ಲಿನ ಹಾಗಿರುತ್ತೆ.

ಟಿ3 ಸರ್ವರ್‌ಗಳು ಕ್ರೆಡಿಟ್ ಮೇಲೆ ನಡೆಯುತ್ತವೆ. ಟಿ3.ಸ್ಮಾಲ್ ಗಂಟೆಗೆ 24 ಕ್ರೆಡಿಟ್ ಗಳಿಸುತ್ತೆ, ಗರಿಷ್ಠ 576 ಕೂಡಿಡಬಹುದು. ಒಂದು ವಿಸಿಪಿಯು ಒಂದು ನಿಮಿಷ ಪೂರ್ತಿ ದುಡಿದರೆ ಒಂದು ಕ್ರೆಡಿಟ್ ಖರ್ಚು. ಖಾಲಿಯಾದರೆ ಒಂದೊಂದು ವಿಸಿಪಿಯುವಿಗೂ 20% ಮಾತ್ರ. ನನ್ನ 20% ಅಂದರೆ ಆರಾಮಾಗಿ ಇರೋ 20% ಅಲ್ಲ, ಕಟ್ಟಿಹಾಕಿದ 20%.

ಮಧ್ಯಾಹ್ನ 3.30ಕ್ಕೆ ಬಟವಾಡೆ ಚೀಟಿಗಳ ಪಿಡಿಎಫ್ ಕೆಲಸ ಶುರು ಮಾಡಿದ್ದೆ. 1,900 ಚೀಟಿ, ಒಂದೊಂದಕ್ಕೂ ಹೊಸದಾಗಿ ಕ್ರೋಮಿಯಂ ಬ್ರೌಸರ್ ತೆರೆದು ಮುಚ್ಚುತ್ತಿತ್ತು. ಆಗ ಕ್ರೆಡಿಟ್ 290ರ ಹತ್ತಿರ ಇತ್ತು. ಎರಡೂ ವಿಸಿಪಿಯು ಪೂರ್ತಿ ಓಡಿದರೆ ಗಂಟೆಗೆ 120 ಖರ್ಚು, 24 ಗಳಿಕೆ. ಮೂರು ಗಂಟೆಗೆ ಖಾಲಿ. ಆರೂವರೆ, ಸರಿಯಾಗಿ ಹಾಲು ಹಾಕೋ ಹೊತ್ತು.

ಇದರಲ್ಲಿ ನಾಚಿಕೆಯ ಭಾಗ ಇನ್ನೊಂದಿದೆ. ಟಿ3ಗೆ ಅನ್‌ಲಿಮಿಟೆಡ್ ಅನ್ನೋದು ಮೊದಲಿಂದಲೇ ಆನ್ ಇರುತ್ತೆ. ಕ್ರೆಡಿಟ್ ಮುಗಿದರೂ ಸಾಲ ಕೊಟ್ಟು ಓಡಿಸುತ್ತೆ. ಬಿಲ್ ಎಲ್ಲಿ ಏರುತ್ತೋ ಅಂತ ಹೆದರಿ ಮೂರು ವರ್ಷದ ಹಿಂದೆ ನಾನೇ ಆಫ್ ಮಾಡಿದ್ದೆ. ಈಗ ಲೆಕ್ಕ ಹಾಕಿದೆ: ಸಾಲ 576 ಕ್ರೆಡಿಟ್ ದಾಟಿದರೆ ಮಾತ್ರ ದುಡ್ಡು, ಅದೂ ವಿಸಿಪಿಯು ಗಂಟೆಗೆ 0.05 ಡಾಲರ್. ಆ ಸಂಜೆ ಇನ್ನೂ ಮೂರು ಗಂಟೆ ಹಾಗೇ ಓಡಿದ್ದರೂ ಸಾಲ 300 ದಾಟುತ್ತಿರಲಿಲ್ಲ. ಖರ್ಚು ಸೊನ್ನೆ. ಸೊನ್ನೆ ರೂಪಾಯಿ ಉಳಿಸೋಕೆ 17 ಡೇರಿಗಳನ್ನು ಕಾಯಿಸಿದೆ.

ಸರ್ವರ್ ಓಡುತ್ತಿರುವಾಗಲೇ ಅನ್‌ಲಿಮಿಟೆಡ್ ಆನ್ ಮಾಡಿದೆ, ಸ್ವಲ್ಪ ಹೊತ್ತಿಗೆ ಸರಿಹೋಯಿತು. ಪಿಡಿಎಫ್ ಕೆಲಸ ಈಗ ರಾತ್ರಿ 11ಕ್ಕೆ, ಒಂದೇ ಕ್ರೋಮಿಯಂ ಇಟ್ಟುಕೊಂಡು. ಎರಡು ಹೊಸ ಅಲಾರಂ: ಕ್ರೆಡಿಟ್ 150ಕ್ಕಿಂತ ಕೆಳಗೆ ಹೋದರೆ ಒಂದು, ಸಾಲಕ್ಕೆ ದುಡ್ಡು ಬೀಳೋಕೆ ಶುರುವಾದರೆ ಇನ್ನೊಂದು.

ಜೂನ್ 22: ಉಳಿದ ಮಿತಿಗಳನ್ನು ಹುಡುಕಿದ್ದು

2020ರ ನವೆಂಬರ್ 25ರಂದು ಅಮೆರಿಕದ ವರ್ಜೀನಿಯಾದಲ್ಲಿ ಎಡಬ್ಲ್ಯೂಎಸ್‌ನ ಕಿನೆಸಿಸ್ (ಡೇಟಾ ಹರಿವು ಸಾಗಿಸೋ) ಸೇವೆ ಬಿದ್ದಿತ್ತು. ಅದರ ವರದಿಯನ್ನು ಆಗಲೇ ಓದಿದ್ದೆ. ಸಾಮರ್ಥ್ಯ ಹೆಚ್ಚಿಸೋಕೆ ಅಂತ ಸರ್ವರ್‌ಗಳನ್ನು ಸೇರಿಸಿದ್ದರಿಂದ, ಒಂದೊಂದು ಸರ್ವರ್‌ನಲ್ಲೂ ಥ್ರೆಡ್‌ಗಳ (ಒಟ್ಟಿಗೆ ಓಡೋ ಕೆಲಸದ ಎಳೆಗಳ) ಸಂಖ್ಯೆ ಆಪರೇಟಿಂಗ್ ಸಿಸ್ಟಮ್‌ನ ಮಿತಿ ದಾಟಿತ್ತು. ಆಗ ಓದಿ, ದೊಡ್ಡವರ ಮನೆ ಕಥೆ ಅಂತ ಬಿಟ್ಟಿದ್ದೆ. ಈಗ ನನ್ನ ಮನೆಯಲ್ಲಿ ಹುಡುಕಿದೆ.

ಮೊದಲ ಬೇಟೆಯೇ ಸಿಕ್ಕಿತು. ಪಿಎಚ್‌ಪಿಗೆ ಬರೋ ಕೋರಿಕೆಗಳನ್ನು ಹಂಚೋ ಎಫ್‌ಪಿಎಂನ ಲಾಗ್‌ನಲ್ಲಿ ಜೂನ್ 11ರ ಬೆಳಗ್ಗೆಯ ಒಂದು ಸಾಲು: ಗರಿಷ್ಠ ಮಕ್ಕಳ (ಕೆಲಸ ಮಾಡೋ ಪ್ರೋಸೆಸ್‌ಗಳ) ಸಂಖ್ಯೆ 5 ಮುಟ್ಟಿದೆ, ಹೆಚ್ಚಿಸಿ. ಅಂದರೆ ಒಂದೇ ಸಲಕ್ಕೆ ಐದು ಜನಕ್ಕೆ ಮಾತ್ರ ಉತ್ತರ. ಅವತ್ತು ಐದು ಸೇವ್‌ಗಳು ಕಾಯುತ್ತಾ ಕೂತ ಮೇಲೆ, ಸುಮ್ನೆ ಪಟ್ಟಿ ನೋಡಬೇಕು ಅಂದವರಿಗೂ ಪುಟ ತೆರೆಯಲಿಲ್ಲ. 30 ಅಂತ ಹಾಕಿದೆ. ಹಾಕಿದ ಮೇಲೆ ಲೆಕ್ಕ ಮಾಡಿದೆ: ಒಂದಕ್ಕೆ ಸುಮಾರು 60 ಎಂಬಿ, ಮೂವತ್ತಕ್ಕೆ 1.8 ಜಿಬಿ, ಇರೋದೇ 2. ವಾಪಸ್ 12ಕ್ಕೆ ಇಳಿಸಿದೆ. ಮೈಎಸ್‌ಕ್ಯೂಎಲ್‌ನ ಕನೆಕ್ಷನ್ ಮಿತಿ 151, ಅದು ನಮಗೆ ಧಾರಾಳ.

ಜುಲೈ 9: ಶೇಕಡಾ ಬಿಟ್ಟು ದಿನ ಎಣಿಸಿದ್ದು

80% ಅನ್ನೋ ಸಂಖ್ಯೆ ನನಗೆ ಮೊದಲಿಂದಲೂ ಸಮಾಧಾನ ಕೊಟ್ಟಿರಲಿಲ್ಲ. 80% ಆದ ಮೇಲೆ ಒಂದು ವರ್ಷ ಇದೆಯೋ ಒಂದು ರಾತ್ರಿ ಇದೆಯೋ ಗೊತ್ತಾಗೋದಿಲ್ಲ. ಜೂನ್ ಕೊನೆಗೆ ಒಂದು ಪುಟ್ಟ ಸ್ಕ್ರಿಪ್ಟ್ ಬರೆದಿದ್ದೆ. ದಿನಾ ರಾತ್ರಿ 8ಕ್ಕೆ ಡಿಸ್ಕ್ ಅಳೆದು, ಏಳು ದಿನದ ಹಿಂದಿನದಕ್ಕೆ ಹೋಲಿಸಿ, ಇದೇ ವೇಗದಲ್ಲಿ ಹೋದರೆ ಎಷ್ಟು ದಿನ ಅಂತ ಟೆಲಿಗ್ರಾಂಗೆ ಒಂದು ಸಾಲು ಕಳಿಸುತ್ತೆ. ಮೊದಲ ವಾರ ಹಳೇ ಬ್ಯಾಕಪ್ ಅಳಿಸಿದ್ದರಿಂದ "ಉಳಿದದ್ದು ಮೈನಸ್ 41 ದಿನ" ಅಂತ ಬಂತು. ಬೆಳವಣಿಗೆ ಸೊನ್ನೆಗಿಂತ ಕೆಳಗಿದ್ದರೆ "ಬೆಳೀತಿಲ್ಲ" ಅನ್ನು ಅಂತ ತಿದ್ದಿದೆ.

ಆಮೇಲೆ ಬರುತ್ತಿದ್ದದ್ದು ಹೀಗೆ: "ಡಿಸ್ಕ್ 22%. ದಿನಕ್ಕೆ 38 ಎಂಬಿ. ಉಳಿದದ್ದು 1026 ದಿನ."

ಜುಲೈ 9ಕ್ಕೆ ಬಂದದ್ದು: "ಡಿಸ್ಕ್ 30%. ದಿನಕ್ಕೆ 590 ಎಂಬಿ. ಉಳಿದದ್ದು 59 ದಿನ."

ಜುಲೈ 2ರಂದು ಒಂದು ತಪ್ಪು ಹುಡುಕೋಕೆ ಅಂತ ಲಾಗನ್ನು ಡೀಬಗ್‌ಗೆ (ಪ್ರತಿಯೊಂದನ್ನೂ ಬರೆಯೋ ಸ್ಥಿತಿ) ಇಟ್ಟು ವಾಪಸ್ ತಿರುಗಿಸೋದು ಮರೆತಿದ್ದೆ. ಸಂಖ್ಯೆ ಮೂರ್ನಾಲ್ಕು ದಿನದಿಂದ ಇಳೀತಾ ಇದ್ದದ್ದನ್ನು ನೋಡಿಯೂ ಬಿಟ್ಟಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಎರಡಂಕಿಗೆ ಬಂದಾಗ ಎದ್ದೆ. ಈಗ 90 ದಿನಕ್ಕಿಂತ ಕಮ್ಮಿ ಆದರೆ ಹಾರ್ನ್.

ಜುಲೈ 18, ಶುಕ್ರವಾರ: ಹೇಳದೇ ಮಾಡಿದ ಪರೀಕ್ಷೆ

ತಮ್ಮನಿಗೆ ಲಾಗಿನ್ ಕೊಟ್ಟು ಹೇಳಿದ್ದೆ: "ಈ ವಾರ ಯಾವತ್ತಾದ್ರೂ ರಾತ್ರಿ ಈ ಸ್ಕ್ರಿಪ್ಟ್ ಓಡ್ಸು. ನಂಗೆ ಹೇಳ್ಬೇಡ." ಡಿಸ್ಕನ್ನು 84%ಗೆ ತುಂಬಿಸೋ ಸ್ಕ್ರಿಪ್ಟ್. ಅವನು ಬೆಳಗಿನ ಜಾವ 3.20ಕ್ಕೆ ಓಡಿಸಿದ. ಖುಷಿಯಿಂದಲೇ ಓಡಿಸಿರಬೇಕು.

ಹಾರ್ನ್ ಹೊಡೆದದ್ದು 3.36ಕ್ಕೆ. ಐದು ನಿಮಿಷದ ಮೂರು ಅಳತೆ ಸತತ ಕೆಟ್ಟರೆ ಮಾತ್ರ ಕೂಗು ಅಂತ ನಾನೇ ಜೂನ್‌ನಲ್ಲಿ ಇಟ್ಟಿದ್ದೆ. ಡಿಸ್ಕ್‌ಗೆ ಅದು ಬೇಕಿಲ್ಲ, ಅದು ಸಿಪಿಯು ಹಾಗೆ ಕುಣಿಯೋದಿಲ್ಲ. ಒಂದು ನಿಮಿಷದ ಎರಡು ಅಳತೆಗೆ ಇಳಿಸಿದೆ. ಎದ್ದು ಲ್ಯಾಪ್‌ಟಾಪ್ ತೆರೆದು ಫೈಲ್ ಹುಡುಕಿ ಅಳಿಸಿದಾಗ 3.49. ಅದರಲ್ಲಿ ನಾಲ್ಕು ನಿಮಿಷ ಕನ್ನಡಕ ಹುಡುಕಿದ್ದು.

ಖರ್ಚು: ಹೆಚ್ಚಿನ ಡಿಸ್ಕ್‌ಗೆ ಜಿಎಸ್‌ಟಿ ಸೇರಿ ತಿಂಗಳಿಗೆ 180–190 ರೂಪಾಯಿ. ಎಸ್3ಗೆ ಚಿಲ್ಲರೆ. ಕ್ಲೌಡ್‌ವಾಚ್ ಅಲಾರಂಗಳು ಏಳು, ಹತ್ತರ ಒಳಗಿರೋದರಿಂದ ಬಿಟ್ಟಿ. ಲ್ಯಾಂಬ್ಡಾ, ಟೆಲಿಗ್ರಾಂ ಸೊನ್ನೆ.

ಬಾಕಿ ಇರೋದು ಒಂದು. ಎಸ್3ನಲ್ಲಿ ಇಟ್ಟ ಬ್ಯಾಕಪ್‌ನಿಂದ ಹೊಸ ಸರ್ವರ್ ಎಬ್ಬಿಸಿ ಇನ್ನೂ ನೋಡಿಲ್ಲ. ಮುಂದಿನ ಭಾನುವಾರ, ಬೆಳಗಿನ ಹಾಲು ಮುಗಿದ ಮೇಲೆ. ಅಂದಹಾಗೆ ಸೆಕ್ರೆಟರಿ ಡೇರಿಯಲ್ಲಿ ಒಂದು 100 ಪುಟದ ನೋಟ್‌ಬುಕ್ ತಂದು ಮಿಷನ್ ಪಕ್ಕ ದಾರದಲ್ಲಿ ಪೆನ್ನು ಕಟ್ಟಿ ಇಟ್ಟಿದ್ದಾರೆ. ಉಳಿದ 16 ಡೇರಿಗೂ ಹಾಗೇ ಇಡೋಕೆ ಹೇಳಿದ್ದೇನೆ.